ತನ್ನ ಮೌಸನ್ನೇ ಗುರುತಿಸದ ಕೈ

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜು. ಅಲ್ಲೊಂದು ಗೇಮಿಂಗ್ ಟೀಮ್.

ಆ ಟೀಮಿನ ಜೀವ ಕಲ್ಮೇಶ... ಅವನ ಬಲಗೈ ಮೌಸ್ ಮೇಲೆ ಕೂತರೆ ಸಾಕು, ಪರದೆಯ ಮೇಲಿನ ಎದುರಾಳಿಗಳು ಬಂದಷ್ಟೇ ಬೇಗ ಮಾಯವಾಗುತ್ತಿದ್ದರು.

ಅವನ ತಾಯಿ ಮಾತ್ರ ದಿನವೂ ಗೊಣಗುತ್ತಿದ್ದರು... ಆ ಗಣಪ್ಪನೂ ಇಲಿಯನ್ನು ಇಷ್ಟು ದುಡಿಸಿಲ್ಲ ಎಂದು.

ರಾಜ್ಯಮಟ್ಟದ ಪಂದ್ಯ ಹತ್ತಿರ ಬಂದಿತ್ತು. ಎಲ್ಲ ಆಟಗಾರರಿಗೂ ಒಂದೇ ಬಗೆಯ ಹೊಸ ಮೌಸ್ ಕೊಡಿಸಲು ಕಾಲೇಜು ಒಪ್ಪಿತ್ತು. ಯಾವುದು ಎಂದು ಕೊನೆಯ ತೀರ್ಪು ಕೊಡಬೇಕಾದವನು ಕಲ್ಮೇಶ.

ಪರೀಕ್ಷೆಗೆ ಬಂದದ್ದು ಎರಡು. ಒಂದಕ್ಕೆ ಮೈಯೆಲ್ಲಾ ತೂತು, ಹೂವಿನಷ್ಟು ಹಗುರ... ಓಟ ಮಿಂಚಿನದು, ಬಾಳಿಕೆ ಮಾತ್ರ ದೇವರಿಗೇ ಗೊತ್ತು.

ಇನ್ನೊಂದು ನುಣುಪು ಬೆನ್ನಿನದು. ಆರಾಮವೋ ಆರಾಮ... ವೇಗ ಮಾತ್ರ ಮಾವನ ಮನೆಯಿಂದ ವಾಪಸ್ ಹೊರಟ ಅಳಿಯನದು.

ಟೀಮಿನ ಬಸನಗೌಡ ರಿವ್ಯೂ ವಿಡಿಯೋದವರ ದನಿ ತೆಗೆದು, "ನಮಸ್ಕಾರ ಸ್ನೇಹಿತರೇ, ಈ ಮೌಸ್ ತಗೊಂಡ್ರ ನೀವು ಬೆಕ್ಕಿಗೂ ಹೆದರಂಗಿಲ್ಲ" ಅಂದ. ಎಲ್ಲರೂ ನಕ್ಕರು.

ಕಲ್ಮೇಶ ನಗಲಿಲ್ಲ. ಅವನು ಹೆದರಿದ್ದ... ಬೆಕ್ಕಿಗಲ್ಲ, ತನ್ನ ಕೈಗೇ.

ಕೆಲವು ವಾರಗಳಿಂದ ಬಲಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳುಗಳೂ ಜೋಮು ಹಿಡಿಯುತ್ತಿದ್ದವು. ಮೊದಮೊದಲು ಕೈ ಕೊಡವಿದರೆ ಹೋಗುತ್ತಿತ್ತು... ಈಗ ಹೋಗುತ್ತಿರಲಿಲ್ಲ.

ಅಂಗಿಯ ಗುಂಡಿ ಹಾಕಲಾಗದೆ ಬರೀ ಟೀ ಶರ್ಟಿಗೆ ಬಂದಿದ್ದ. ಚಹಾದ ಲೋಟ ಸದ್ದಿಲ್ಲದೆ ಎಡಗೈಗೆ ವರ್ಗವಾಗಿತ್ತು.

ಅವನ ದೊಡ್ಡಪ್ಪನ ಕೈಗೂ ಮೊದಲು ಹೀಗೇ ಜೋಮು ಬಂದಿತ್ತು. ಆಮೇಲೆ ಲಕ್ವಾ ಹೊಡೆದು, ಆ ಕೈ ಮತ್ತೆ ಏಳಲೇ ಇಲ್ಲ.

ಬಾಯಿಬಿಟ್ಟರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಆ ಮಾತನ್ನು ಕಲ್ಮೇಶ ಮನಸ್ಸಿನಲ್ಲೂ ಆಡುತ್ತಿರಲಿಲ್ಲ.

ಗುರಿ ತಪ್ಪಿದಾಗಲೆಲ್ಲ ಮೌಸನ್ನೇ ಬೈಯುತ್ತಿದ್ದ. ವೈರ್ ಬಿಗಿ ಅನ್ನುತ್ತಿದ್ದ, ಕ್ಲಿಕ್ ಗಟ್ಟಿ ಅನ್ನುತ್ತಿದ್ದ...

ಕುಣಿಯಲಾರದವಳು ನೆಲ ಡೊಂಕು ಅಂದರೆ ಜನ ನಗುತ್ತಾರೆ. ಚೆನ್ನಾಗಿ ಕುಣಿಯುವವನೇ ಅಂದರೆ? ಎಲ್ಲರೂ ನಂಬಿದರು.

ಮೌಸ್ ಪರೀಕ್ಷೆಯ ದಿನ ಬಂತು.

ಆ ಟೀಮಿನಲ್ಲೊಂದು ಪದ್ಧತಿ. ಬ್ರ್ಯಾಂಡ್ ನೋಡಿ ಮರುಳಾಗಬಾರದೆಂದು ಮೌಸನ್ನು ಬೂಟಿನ ಡಬ್ಬಿಯೊಳಗೆ ಇಡುತ್ತಿದ್ದರು. ಆಡುವವನು ಕಣ್ಣು ಮುಚ್ಚಿದಾಗ ಒಳಗಿನ ಮೌಸ್ ಬದಲಾಗುತ್ತಿತ್ತು. ಆಮೇಲೆ ಕೈ ಡಬ್ಬಿಯೊಳಗೆ, ಕಣ್ಣು ಪರದೆಯ ಮೇಲೆ.

ಹೊಸ ಮೌಸ್‌ಗಳ ನಡುವೆ ಆಡುವವನ ಸ್ವಂತ ಹಳೆಯ ಮೌಸನ್ನೂ ಸೇರಿಸಬೇಕು. ಹಳೆಯದಕ್ಕಿಂತ ಹೊಸದು ಹೇಗೆ ಎಂದು ಕೈಯೇ ಹೇಳಬೇಕಲ್ಲ...

ಸ್ವಂತ ಮೌಸ್ ಮುಟ್ಟಿದ ತಕ್ಷಣ ಎಲ್ಲರೂ "ಇದು ನಂದು" ಎಂದು ನಗುತ್ತಿದ್ದರು. ಇದುವರೆಗೆ ಯಾರೂ ತಪ್ಪಿರಲಿಲ್ಲ.

ಕಲ್ಮೇಶನ ಸರದಿ. ಕ್ಯಾಪ್ಟನ್ ಝರೀನಾ ಡಬ್ಬಿ ಸರಿಸಿದಳು.

ಮೊದಲನೆಯದು... ಕೈಗೆ ಗ್ಲೌಸ್ ಹಾಕಿ ಕಲ್ಲು ಮುಟ್ಟಿದ ಹಾಗೆ.

ಎರಡನೆಯದು... ಹಾಗೇ.

ಮೂರನೆಯದು... ಹಾಗೇ. ತೂತು ಯಾವುದು, ನುಣುಪು ಯಾವುದು, ತನ್ನದು ಯಾವುದು... ಬೆರಳುಗಳು ಬಾಯಿಯೇ ಬಿಡಲಿಲ್ಲ.

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

ಎರಡನೆಯದು ತನ್ನದು ಅಂದ. ಮೂರನೆಯದು ಶುದ್ಧ ಕಸ, ಅಂಥದ್ದನ್ನು ತಾನು ಜನ್ಮದಲ್ಲಿ ಮುಟ್ಟಿಲ್ಲ ಅಂದ.

ಝರೀನಾ ಡಬ್ಬಿ ಎತ್ತಿದಳು.

ಮೂರನೆಯದೇ ಅವನ ಮೌಸ್... ವರ್ಷಗಟ್ಟಲೆ ಅವನದೇ ಹೆಬ್ಬೆರಳು ಉಜ್ಜಿ ಉಜ್ಜಿ, ಪಕ್ಕದ ರಬ್ಬರು ಗುಳಿ ಬಿದ್ದಿತ್ತು.

ತಮಾಷೆ ಎಂದುಕೊಂಡು ಬಸನಗೌಡ ನಗತೊಡಗಿದ. ಕಲ್ಮೇಶನ ಮುಖ ನೋಡಿ ನಿಲ್ಲಿಸಿದ.

ಝರೀನಾ ಮೆಲ್ಲಗೆ ಕೇಳಿದಳು, "ಕಲ್ಮ್ಯಾ, ಖರೇ ಹೇಳು. ಏನಾಗೇತಿ ಕೈಗೆ?"

ಅಷ್ಟು ದಿನ ಬಿಗಿಹಿಡಿದದ್ದು ಒಡೆದುಹೋಯಿತು.

"ಬೆರಳು ಗೊತ್ತಾಗವಲ್ದು, ಝರೀನಾ... ದೊಡ್ಡಪ್ಪಗ ಹೊಡದಂಗ ನಂಗೂ ಲಕ್ವಾ ಹೊಡಿತೈತಿ." ಕಲ್ಮೇಶ ಮಗುವಿನ ಹಾಗೆ ಬಿಕ್ಕಿದ.

ಇನ್ನು ಇವರು ತನ್ನನ್ನು ಬಿಟ್ಟುಹಾಕುತ್ತಾರೆ, ಕೈಯಿಲ್ಲದ ಆಟಗಾರ ಯಾರಿಗೆ ಬೇಕು ಎಂದುಕೊಂಡ. ತಾನು ಆಡದಿದ್ದರೆ ಪಂದ್ಯದ ಗತಿ ಏನು ಎಂದು ತಾನೇ ಕೇಳಿದ.

ಝರೀನಾ ಅವನ ಬ್ಯಾಗ್ ಹೆಗಲಿಗೇರಿಸಿಕೊಂಡಳು.

"ಮ್ಯಾಚ್ ಮುಂದಿನ ವರ್ಷಾನೂ ಇರ್ತೈತಿ. ಕೈ ಹೋದ್ರ ಯಾವ ಅಂಗಡ್ಯಾಗ ಹುಡುಕೂನು? ಏಳು."

ಟೀಮಿಗೆ ಟೀಮೇ ಆಸ್ಪತ್ರೆಗೆ ಹೋಯಿತು. ಡಾಕ್ಟರು ಮಣಿಕಟ್ಟು ಬಗ್ಗಿಸಿ ನೋಡಿದರು, ನರದ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ಬರುವವರೆಗೂ ಕಲ್ಮೇಶನಿಗೆ ಕಂಡದ್ದು ದೊಡ್ಡಪ್ಪನ ತೊಡೆಯ ಮೇಲೆ ಬಿದ್ದಿರುತ್ತಿದ್ದ ಆ ಕೈಯೊಂದೇ...

ಲಕ್ವಾ ಅಲ್ಲ ಅಂದರು ಡಾಕ್ಟರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟರೆ ಸುಧಾರಿಸುತ್ತದೆ. ಇನ್ನೂ ಮುಚ್ಚಿಟ್ಟಿದ್ದರೆ ಹೆಬ್ಬೆರಳಿನ ಬಲವೇ ಹೋಗುತ್ತಿತ್ತು.

ಪಂದ್ಯದಲ್ಲಿ ಅವನ ಕುರ್ಚಿಯಲ್ಲಿ ಬೇರೆಯವನು ಕೂತ. ಟೀಮು ಮೊದಲ ಸುತ್ತಿನಲ್ಲೇ ಸೋತಿತು.

ಹಿಂದಿನ ಬೆಂಚಿನಲ್ಲಿದ್ದ ಕಲ್ಮೇಶನಿಗೆ ತಲೆ ಎತ್ತಲು ಧೈರ್ಯವಿರಲಿಲ್ಲ. ಈಗ ಬೈಯುತ್ತಾರೆ... ಈಗ ಬೈಯುತ್ತಾರೆ...

ಯಾರೂ ಸೋಲಿನ ಮಾತೇ ಎತ್ತಲಿಲ್ಲ. ಬುತ್ತಿ ಬಿಚ್ಚಿದರು.

ಪಟ್ಟಿ ಕಟ್ಟಿದ ಕೈ ನೋಡಿ ಬಸನಗೌಡ ಪಕ್ಕಕ್ಕೆ ಬಂದು ಕೂತ. ಜೋಳದ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ, ಅವನ ಬಾಯಿಯ ಮುಂದೆ ಹಿಡಿದ.

"ತಿನ್ನಲೇ. ಖಾರ ಆದ್ರ ಮತ್ತ ರೊಟ್ಟಿಗೆ ಬೈಬ್ಯಾಡ."

ಕಲ್ಮೇಶ ನಕ್ಕ... ನಗುತ್ತಲೇ ಅತ್ತ. ಅದೆಷ್ಟೋ ವಾರಗಳ ನಂತರ ಅವನ ಎದೆಯಲ್ಲಿ ಹೆದರಿಕೆ ಇರಲಿಲ್ಲ.

ಹೆದರಿಕೆಯನ್ನು ಒಳಗೇ ಬಚ್ಚಿಟ್ಟವನಿಗೆ ಲೋಕದಲ್ಲೆಲ್ಲ ತಪ್ಪು ಕಾಣುತ್ತದೆ... ಬಾಯಿಬಿಟ್ಟು ಹೇಳಿದವನಿಗೆ ಹಿಡಿದುಕೊಳ್ಳಲು ಒಂದು ಕೈ ಸಿಗುತ್ತದೆ.

ನೀವು ಇವತ್ತು ಯಾವುದನ್ನು ಬೈಯುತ್ತಾ, ನಿಮ್ಮ ಯಾವ ನೋವನ್ನು ಮುಚ್ಚಿಡುತ್ತಿದ್ದೀರಿ?