ತವರಿನ ರೇಟು

"ಮುನ್ನೂರೈವತ್ತು ಕೊಡ್ರಿ, ಸಾಕು," ಎಂದು ನಾಗಲಕ್ಷ್ಮಿ ಕೆಂಪು ಕೋಳಿಯನ್ನು ಯಂಕಣ್ಣನ ಮುಂದೆ ಹಿಡಿದಳು. "ತತ್ತಿ ಚಲೋ ಇಡ್ತದ."

"ಯಾದಗಿರ್ಯಾಗ ಇಂಥಾದಕ್ಕ ಐನೂರೈವತ್ತದ. ಅಷ್ಟೇ ತಗೋ."

ಸುರಪುರದ ಸಂತೆಯಲ್ಲಿ ಗಿರಾಕಿಯೇ ಬೆಲೆ ಏರಿಸುವುದನ್ನು ಯಾರು ಕಂಡಿದ್ದಾರೆ? ಆದರೆ ಇವನೇನು ಬರೀ ಗಿರಾಕಿಯೇ? ನಾಗಲಕ್ಷ್ಮಿ ಮೊದಲು ಇವನ ಸೊಸೆ. ಮಗ ತೀರಿಕೊಂಡ ಮೇಲೆ, ತಾಯಿತಂದೆ ಇಲ್ಲದ ಆ ಹುಡುಗಿಯನ್ನು ಅವಳ ಸೋದರಮಾವ ಸುರಪುರಕ್ಕೆ ಮರುಮದುವೆ ಮಾಡಿಕೊಟ್ಟ. ಒಳ್ಳೆಯದಾಗಲೆಂದು ಹರಸಿದ ಯಂಕಣ್ಣ ಮದುವೆಗೆ ಮಾತ್ರ ಹೋಗಲಿಲ್ಲ. ಏನಾಗಬೇಕೆಂದು ಹೇಳಿಕೊಂಡು ಹೋಗುವುದು? ಈಗ ಸುರಪುರದಲ್ಲಿ ಕೋಳಿ ಅಗ್ಗ ಎಂಬ ನೆಪ ಸಿಕ್ಕಿದೆ. ತನ್ನೂರು ದೋರನಹಳ್ಳಿಯಲ್ಲಿ ಬಸ್ಸು ಹತ್ತಿದರೆ ಶಹಾಪುರದ ಸಂತೆಯನ್ನೂ ದಾಟಿ ಇಲ್ಲಿಗೇ ಬರುತ್ತಾನೆ. ಅವಳು "ಬರ್ರಿ", "ಕೂಡ್ರಿ" ಎನ್ನುತ್ತಾಳೆ. ಮೊದಲಿನ ಹಾಗೆ ಮಾವ ಎನ್ನಲು ಬರುವುದಿಲ್ಲವಲ್ಲ, ಅದು ಮುದುಕನಿಗೆ ಗೊತ್ತು. ಗೊತ್ತಿದ್ದರೂ ಸಂಕಟ ತಪ್ಪುವುದಿಲ್ಲ.

ಅಷ್ಟರಲ್ಲಿ ಅವಳ ಗಂಡ ಬಾಲರಾಜ ಜೋಳದ ಚೀಲ ಹೊತ್ತು ಬಂದ.

"ಈ ಯಜಮಾನ್ರು ಪ್ರತಿ ಸಂತಿಗೂ ಬರ್ತಾರಲ್ಲ," ಎಂದ ಹೆಂಡತಿಗೆ. "ಇಲ್ಲಿ ಅಗ್ಗಕ್ಕ ಒಯ್ದು ಯಾದಗಿರ್ಯಾಗ ಮಾರಾಕತ್ತಾರ. ವ್ಯಾಪಾರಿಗಿ ಯಾದಗಿರಿ ರೇಟೇ ಹಚ್ಚು."

"ಒಂದೂ ಮಾರಿಲ್ಲಪ್ಪ," ಯಂಕಣ್ಣನ ದನಿ ಸಣ್ಣದಾಯಿತು. "ಎಲ್ಲಾ ಮನ್ಯಾಗೇ ಅದಾವ. ಒಲಿ ಸುತ್ತಿಸಾಕ ಈಕಿ ಇಲ್ಲ ನೋಡು, ಸಂಜಿಯಾದ್ರ ಒಂದೂ ಗೂಡಿಗಿ ಬರವಲ್ಲವು."

ಯಂಕಣ್ಣನ ಮನೆಯಲ್ಲಿ ಹೊಸ ಕೋಳಿ ತಂದರೆ ಮನೆಯ ಹೆಣ್ಣುಮಗಳು ಅದನ್ನೆತ್ತಿ ಒಲೆಗೆ ಮೂರು ಸುತ್ತು ತಿರುಗಿಸುತ್ತಾಳೆ. ಆಮೇಲೆ ಕೋಳಿ ಆ ಮನೆ ಮರೆಯುವುದಿಲ್ಲ ಅಂತ ನಂಬಿಕೆ. ನಾಗಲಕ್ಷ್ಮಿ ಇದ್ದಷ್ಟು ದಿನ ಅದು ಅವಳದೇ ಕೆಲಸವಾಗಿತ್ತು.

ಅವಳು ಕೋಳಿಯನ್ನು ಎದೆಗವಚಿಕೊಂಡಳು. ಕಣ್ಣು ತುಂಬಿ ಬಂದವು.

"ಇವರು ವ್ಯಾಪಾರಿ ಅಲ್ರಿ," ಎಂದಳು ಗಂಡನಿಗೆ. "ದೋರನಹಳ್ಳಿಯವ್ರು. ನಮ್ಮಪ್ಪ ಇದ್ದಂಗ. ಅಲ್ಲ, ನಮ್ಮಪ್ಪನೇ. ಸುರಪುರಕ್ಕ ಒಂದು ರೇಟು, ಶಹಾಪುರಕ್ಕ ಒಂದು, ಯಾದಗಿರಿಗೊಂದು. ತವರಿಗಿ ಯಾವ್ದು ಹಚ್ಚಲಿ, ನೀವೇ ಹೇಳ್ರಿ."

ಬಾಲರಾಜ ಚೀಲ ಕೆಳಗಿಳಿಸಿದ. ಆಮೇಲೆ ಹೆಂಡತಿಯ ಕೈಯಿಂದ ಕೋಳಿ ತೆಗೆದುಕೊಂಡು ಮುದುಕನ ಕಂಕುಳಿಗೆ ಕೊಟ್ಟ.

"ಒಲಿ ಸುತ್ತಿಸಾಕ ಈಕೀನೂ ಕರಕೊಂಡು ಹೋಗ್ರಿ," ಎಂದ, "ಮಾವ."