ಮೊದಲು ಕೂರಬೇಕಾದವರು

“ಎಲ್ಲರೂ ಎದ್ದು ನಿಲ್ಲಿ!” ಎಂದು ದಫೇದಾರ ಹಾರ್ಲನ್ ಕೂಗಿದ್ದೇ ತಡ, ಮಿಸಿಸಿಪ್ಪಿಯ ಆ ಕೋರ್ಟು ಒಟ್ಟಿಗೇ ಎದ್ದು ನಿಂತಿತು. ಆ ಪೀಠಕ್ಕೆ ನೇಮಕವಾದ ಮೊದಲ ಕಪ್ಪು ಜಡ್ಜು ಡೆಲ್ಫೀನ್, ಕುರ್ಚಿಯವರೆಗೆ ಬಂದವಳು ಕೂರದೆ ಅಲ್ಲೇ ನಿಂತಳು. ಮುಂದಿನ ಬೆಂಚಿನ ಹತ್ತಿರ ಅವಳ ಎಂಬತ್ತೊಂದರ ಅಮ್ಮ ಲುವೀನಿಯಾ ಕೋಲೂರಿಕೊಂಡು ನಿಂತಿದ್ದಳು.

ಹೆತ್ತವಳು ನಿಂತಿರುವಾಗ ಮಕ್ಕಳು ಕೂರುವುದು ಅವರ ಮನೆಯಲ್ಲಿಲ್ಲ. ಜಡ್ಜು ಕೂರುವ ಮೊದಲು ಬೇರೆಯವರು ಕೂರುವುದು ಕೋರ್ಟಿನಲ್ಲಿಲ್ಲ. ಡೆಲ್ಫೀನ್ ಕಣ್ಣಲ್ಲೇ ಅಮ್ಮನಿಗೆ ಕೂರಲು ಹೇಳಿದಳು. ಅಮ್ಮ ಗದ್ದವೆತ್ತಿ ಕುರ್ಚಿ ತೋರಿಸಿದಳು. ವಕೀಲರು ಮುಖ ಮುಖ ನೋಡಿಕೊಂಡರು. ಗೋಡೆಯ ಪಟಗಳಲ್ಲಿದ್ದ ಬಿಳಿಯ ಜಡ್ಜುಗಳನ್ನು ಬಿಟ್ಟರೆ ಇಡೀ ಕೋಣೆಯಲ್ಲಿ ಕೂತವರೇ ಇರಲಿಲ್ಲ.

“ಮೇಡಂ, ತಾವು ಕೂತ್ರೆ ತಾನೇ ನಾವು ಕೂರೋದು?” ಹಾರ್ಲನ್ ಪಿಸುಗುಟ್ಟಿದ.

“ಅಮ್ಮ ಕೂರ್ಲಿ, ಇರಿ,” ಎಂದಳು. ಯಾವ ನಿಯಮ ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ.

ಲುವೀನಿಯಾ ಕೋಲಿನಿಂದ ನೆಲ ಕುಟ್ಟಿದಳು. “ಏನೇ, ಹಾಗೆ ಕಣ್ಣು ಕಣ್ಣು ಬಿಡ್ತೀಯಲ್ಲ! ನಿನ್ನ ಸೋದರಮಾವನ ಕೇಸಲ್ಲಿ ಇದೇ ಕೋಣೇಲಿ ನಮಗೆ ಬೆಂಚು ಕೊಡ್ಲಿಲ್ಲ, ಹಿಂದಿನ ಗೋಡೆ ಹತ್ರ ದಿನವಿಡೀ ನಿಂತಿದ್ದೆ. ನಿಲ್ಲೋದು ನಂಗೇನೂ ಹೊಸದಲ್ಲ. ಆ ಕುರ್ಚೀಲಿ ನಮ್ಮೋರು ಕೂತಿದ್ದನ್ನ ಮಾತ್ರ ಇನ್ನೂ ನೋಡಿಲ್ಲ. ಕೂತ್ಕೋ!”