ನೆರಿಗೆಯ ಪಾದ

ವಿಲ್ಮಾಳ ಪೆಟ್ಟಿಗೆಯಲ್ಲಿ ಇಲ್ಲದಿದ್ದದ್ದು ಬಟ್ಟೆಗೆ ನೆರಿಗೆ ಹಿಡಿಯಲು ಸೂಜಿಯ ಕೆಳಗೆ ಸಿಕ್ಕಿಸುವ ಪಾದ ಒಂದೇ. ಹಳೆಯ ಹೊಲಿಗೆ ಯಂತ್ರದ ಉಳಿದ ಹತ್ತು ಬಿಡಿಭಾಗಗಳನ್ನೂ ಅವಳು ಹುಡುಕಿ ತಂದು ಮಖಮಲ್ಲಿನ ಗೂಡುಗಳಲ್ಲಿ ಕೂರಿಸಿದ್ದಳು. ಇವತ್ತು ಚರ್ಚಿನವರ ಹಳೆ ಸಾಮಾನಿನ ಅಂಗಡಿಯಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿ ಆ ಪಾದವೂ ಸಿಕ್ಕಿತ್ತು. ನಾಳೆ ವಾರ್ವಿಕ್ ಶೋ, ಹಳೆ ಸಾಮಾನು ಕೂಡಿಸುವವರ ಪ್ರದರ್ಶನ. ಅಲ್ಲಿ ಒಂದು ಭಾಗವೂ ಕಮ್ಮಿಯಿಲ್ಲದ ಪೆಟ್ಟಿಗೆಗಳಿಗೆ ಮಾತ್ರ ಪ್ರವೇಶ. ಅಡುಗೆಮನೆಯ ಮೇಜಿನ ಮೇಲೆ ಅವಳು ಪೆಟ್ಟಿಗೆ ತೆರೆದಾಗ ಗೂಡುಗಳೆಲ್ಲ ಖಾಲಿ.

"ಡೆಸ್, ಇದರಲ್ಲಿದ್ದವು ಎಲ್ಲಿ?"

"ಶೆಡ್‌ನಲ್ಲಿ, ಚಿನ್ನ. ವಿನೆಗರ್‌ನಲ್ಲಿ ನೆನೆಹಾಕಿದ್ದೀನಿ," ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ. "ತುಕ್ಕು ತುಕ್ಕು ಅಂತ ನನ್ನ ತಲೆ ತಿಂತಿದ್ದೆಯಲ್ಲ. ಶೋಗೆ ಫಳಫಳ ಅನ್ನಲಿ ಅಂತ."

"ಯಾವತ್ತು ಹಾಕಿದ್ದು?"

"ಭಾನುವಾರ."

ಇವತ್ತು ಶುಕ್ರವಾರ. "ಎಣ್ಣೆ ಸವರಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ ನಿಂಗೆ?"

"ಬಾರ್ಬೆಕ್ಯೂ ಕಂಬಿಗೆ ವಿನೆಗರೇ ಹಾಕಿದ್ದು. ಎಷ್ಟು ಚೆನ್ನಾಗಿ ಬಂತು."

"ಇದರ ಮೇಲೇನು ಸಾಸೇಜ್ ಸುಡ್ತೀಯಾ?"

ಶೆಡ್ಡಿನಲ್ಲಿ ಅವಳು ಬಕೆಟ್ಟಿಗೆ ಕೈ ಹಾಕಿ ಒಂದೊಂದನ್ನೇ ಎತ್ತಿದಳು. ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದಂತೆ ನಿಕಲ್ ಲೇಪ ಸುಲಿದು ಬಂದಿತ್ತು. ಒಳಗಿನ ಉಕ್ಕು ಕರಗಿ ಗುಳಿ ಬಿದ್ದಿತ್ತು. ಹಿಂದೆಯೇ ಬಂದ ಡೆಸ್ ಬಗ್ಗಿ ನೋಡಿ, "ಇನ್ನೊಂದು ದಿನ ಬಿಟ್ಟರೆ ಹೊಳಪು ಬರತ್ತೇನೋ," ಎಂದ.

ವಿಲ್ಮಾ ಒಳಗೆ ಹೋಗಿ, ಕೈ ಒರೆಸಿಕೊಂಡು, ನೆರಿಗೆಯ ಪಾದವನ್ನು ಅದರ ಗೂಡಿನಲ್ಲಿಟ್ಟಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಈಗ ಇಲ್ಲದ್ದು ಉಳಿದ ಹತ್ತು.